ಕೆಲಸದಲ್ಲಿ ನೆಮ್ಮದಿ ಎಲ್ಲಿಂದ ಬರುತ್ತದೆ? ನಮ್ಮ ಉತ್ತರ ಕನ್ನಡ ಜಿಲ್ಲೆಯವರ ಅನುಭವ ಕೇಳುತ್ತಿದ್ದೇನೆ

ಸೋದೆ ದಾರಿ (ಶಿರಸಿ)

ಶಿರಸಿಯ ಒಂದು ಸಹಕಾರಿ ಸಂಘದ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನೌಕರಿ ಕಾಯಂ, ಸಂಬಳ ತಿಂಗಳು ತಪ್ಪದೆ ಬರುತ್ತದೆ, ಮನೆಯಿಂದ ಕಚೇರಿಗೆ ಸ್ಕೂಟರಿನಲ್ಲಿ ಕಾಲು ತಾಸಿನ ದಾರಿ. ಮೇಲಿನವರು ಕಿರುಕುಳ ಕೊಡುವವರಲ್ಲ. ಬೆಂಗಳೂರಿನಲ್ಲಿರುವ ನನ್ನ ಓರಗೆಯವರು ಊರಿಗೆ ಬಂದಾಗಲೆಲ್ಲ “ನಿನ್ನಂಥ ಪುಣ್ಯವಂತೆ ಯಾರಿದ್ದಾರೆ” ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ.

ಆದರೂ ಭಾನುವಾರ ಸಂಜೆಯಾಗುತ್ತಿದ್ದಂತೆ ಎದೆ ಭಾರವಾಗುತ್ತದೆ. ಬೆಳೆಗಾರರ ಅಡಿಕೆ ಅಂಗಳಕ್ಕೆ ಬರುತ್ತದೆ, ತೂಕವಾಗುತ್ತದೆ, ವ್ಯಾಪಾರಿಗಳು ಟೆಂಡರ್ ಹಾಕುತ್ತಾರೆ. ಅದೆಲ್ಲ ಮುಗಿದ ಮೇಲೆ ನನ್ನ ಮುಂದೆ ಬರುವುದು ಅಂಕಿಗಳು ಮಾತ್ರ. ಚಾಲಿ, ರಾಶಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು ಎಂದು ಅಡಿಕೆಯ ಜಾತಿಗಳು. ಇಷ್ಟು ಕ್ವಿಂಟಲ್, ಇಷ್ಟು ದರ, ಇಷ್ಟು ಕಮಿಷನ್, ಬೆಳೆಸಾಲಕ್ಕೆ ಇಷ್ಟು ಕಡಿತ. ಅಡಿಕೆ ತೋಟದ ಮನೆಯಲ್ಲೇ ಹುಟ್ಟಿ ಬೆಳೆದವಳು ನಾನು. ಅಡಿಕೆ ಬೇಯಿಸುವ ಹಂಡೆಯ ಹಬೆಯ ವಾಸನೆ ಈಗಲೂ ಮೂಗಿನಲ್ಲಿದೆ. ಆದರೆ ಕಂಪ್ಯೂಟರಿನ ಎದುರು ಕೂತಾಗ ಅದೇ ಅಡಿಕೆ ಯಾವುದೋ ಪರದೇಶದ ಸರಕಿನಂತೆ ಕಾಣುತ್ತದೆ.

ಯೋಗ ಮಾಡಿ, ಹಾಡು ಕಲಿಯಿರಿ, ಪ್ರವಾಸ ಹೋಗಿ ಎಂದು ದಯವಿಟ್ಟು ಹೇಳಬೇಡಿ. ಕಚೇರಿ ಬಿಟ್ಟ ಮೇಲಿನ ಹೊತ್ತು ಚೆನ್ನಾಗಿಯೇ ಕಳೆಯುತ್ತಿದೆ. ನಾನು ಕೇಳುತ್ತಿರುವುದು ಕಚೇರಿಯ ಒಳಗಿನ ಎಂಟು ತಾಸಿನ ಬಗ್ಗೆ. ಮಾಡುವ ಕೆಲಸದಲ್ಲೇ ನಿಮಗೆ ಖುಷಿ ಸಿಕ್ಕಿದೆಯೇ? ಸಿಕ್ಕಿದ್ದರೆ ಅದು ಹೇಗೆ ಬಂತು?

ಯಲ್ಲಾಪುರದವ

ಅಕ್ಕಾ, ನನ್ನದು ಸಾಫ್ಟ್‌ವೇರ್ ಕೆಲಸ. 2020ರಲ್ಲಿ ಎಲ್ಲರಂತೆ ನಾನೂ ಊರಿಗೆ ಬಂದೆ, ಇಲ್ಲೇ ಉಳಿದೆ. ಮೊದಲಿಗೆ ನೆಟ್‌ವರ್ಕ್ ಹುಡುಕಿ ಗುಡ್ಡದ ತುದಿಯಲ್ಲಿ ಕೊಡೆ ಹಿಡಿದು ಕೂತು ಮೀಟಿಂಗ್ ಮುಗಿಸುತ್ತಿದ್ದೆ. ಈಗ ಮನೆಗೇ ಫೈಬರ್ ಬಂದಿದೆ. ಅಮ್ಮನ ಕೈ ಅಡುಗೆ, ಎದುರಿಗೆ ತೋಟ, ಟ್ರಾಫಿಕ್ಕಿನ ಗೋಳಿಲ್ಲ. ಒಂದಷ್ಟು ಕಾಲ ಇದಕ್ಕಿಂತ ದೊಡ್ಡ ಸುಖವಿಲ್ಲ ಎನಿಸಿತ್ತು. ಆಮೇಲೆ ನಿಮ್ಮ ಆ ಭಾನುವಾರದ ಸಂಜೆ ಇಲ್ಲಿಗೂ ಬಂತು. ನಾನು ಬರೆಯುವ ಕೋಡ್ ಯಾವ ದೇಶದ ಯಾರಿಗೆ ಏನು ಮಾಡಿಕೊಡುತ್ತದೆ ಎಂದು ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಊರು ಬದಲಾಯಿಸಿದರೆ ದಣಿವು ಕಡಿಮೆಯಾಗುತ್ತದೆ. ನೀವು ಕೇಳುತ್ತಿರುವುದು ಅದರಿಂದ ಸಿಗುವುದಿಲ್ಲ ಎಂಬಷ್ಟನ್ನು ಖಂಡಿತ ಹೇಳಬಲ್ಲೆ. ಉತ್ತರಕ್ಕಾಗಿ ನಾನೂ ಕಾಯುತ್ತಿದ್ದೇನೆ.

ವಸ್ತಿ ಬಸ್ಸು (ಕುಮಟಾ)

ನಾನು ಸರ್ಕಾರಿ ಬಸ್ಸಿನ ನಿರ್ವಾಹಕ. ಘಟ್ಟದ ಕೆಳಗಿನ ಒಂದು ಹಳ್ಳಿಗೆ ಹೋಗುವ ವಸ್ತಿ ಬಸ್ಸಿನಲ್ಲಿ ಬಹಳ ಕಾಲ ಕೆಲಸ ಮಾಡಿದ್ದೇನೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ರಾತ್ರಿ ಕೊನೆಯ ಬಸ್ಸಾಗಿ ಹಳ್ಳಿಗೆ ಹೋಗಿ ಅಲ್ಲೇ ತಂಗಿ, ಬೆಳಿಗ್ಗೆ ಮೊದಲ ಬಸ್ಸಾಗಿ ಪೇಟೆಗೆ ಹೊರಡುವುದೇ ವಸ್ತಿ ಬಸ್ಸು. ಮಲಗುವುದು ಬಸ್ಸಿನ ಸೀಟಿನ ಮೇಲೆ, ಇಲ್ಲವೇ ಯಾರದಾದರೂ ಮನೆಯ ಜಗುಲಿಯಲ್ಲಿ. ಮಳೆಗಾಲದಲ್ಲಿ ಉಂಬಳ, ಸೊಳ್ಳೆ ಎರಡೂ ಇರುತ್ತವೆ. ಹೆಚ್ಚಿನವರು ಈ ಪಾಳಿ ಬೇಡ ಎನ್ನುತ್ತಾರೆ. ನಾನು ಅದನ್ನೇ ಕೇಳಿ ಪಡೆಯುತ್ತೇನೆ.

ಕಾರಣ ಹೇಳುತ್ತೇನೆ. ಪೇಟೆಯಿಂದ ಪೇಟೆಗೆ ಹೋಗುವ ಬಸ್ಸಿನಲ್ಲಿ ನನಗೆ ಕಾಣುವುದು ಚಾಚಿದ ಕೈ ಮತ್ತು ನೋಟು. ವಸ್ತಿ ಬಸ್ಸಿನಲ್ಲಿ ಯಾರು ಯಾವ ತಿರುವಿನಲ್ಲಿ ಹತ್ತುತ್ತಾರೆ, ಯಾಕೆ ಹೋಗುತ್ತಾರೆ ಎಲ್ಲವೂ ಗೊತ್ತು. ಕಾಲೇಜಿನ ಮಕ್ಕಳು, ಮಲ್ಲಿಗೆ ದಂಡೆ ಮಾರುವವರು, ಹುಬ್ಬಳ್ಳಿಗೋ ಮಣಿಪಾಲಕ್ಕೋ ಆಸ್ಪತ್ರೆಗೆ ಹೊರಟವರು. ಒಬ್ಬ ಹುಡುಗಿ ಗದ್ದೆಯ ಅಂಚಿನ ಮೇಲೆ ಓಡಿ ಬರುವುದು ದೂರದಿಂದಲೇ ಕಾಣುತ್ತದೆ. ಸೀಟಿ ಊದದೆ ಅರ್ಧ ನಿಮಿಷ ತಡೆಯುವುದು ನನ್ನ ಕೈಯಲ್ಲಿದೆ. ಆ ಬಸ್ಸು ತಪ್ಪಿದರೆ ಆಕೆಗೆ ಆ ದಿನದ ಕಾಲೇಜು ಇಲ್ಲ. ನನ್ನ ಹುದ್ದೆಯ ಕರ್ತವ್ಯಗಳ ಪಟ್ಟಿಯಲ್ಲಿ ಈ ಅರ್ಧ ನಿಮಿಷ ಎಲ್ಲೂ ಬರೆದಿಲ್ಲ. ನನ್ನ ಕೆಲಸದ ಜೀವ ಇರುವುದು ಅದರಲ್ಲೇ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಜನ ಹೆಚ್ಚಾದರು. ಶೂನ್ಯ ಟಿಕೆಟ್ ಹರಿದು ಹರಿದು ಕೈ ಸೋಲುತ್ತದೆ, ನಿಜ. ಆದರೆ ಮೊದಲು ವರ್ಷಕ್ಕೊಮ್ಮೆ ಜಾತ್ರೆಗೆ ಮಾತ್ರ ಪೇಟೆ ಕಾಣುತ್ತಿದ್ದ ಅಜ್ಜಿಯರು ಈಗ ಬಸಳೆ, ಬದನೆ ಕಟ್ಟಿಕೊಂಡು ತಾವಾಗಿಯೇ ಸಂತೆಗೆ ಹೊರಡುವುದನ್ನು ನನ್ನ ಬಸ್ಸಿನಲ್ಲಿ ಕಣ್ಣಾರೆ ನೋಡುತ್ತಿದ್ದೇನೆ. ಕೈ ಸೋತಾಗ ಅವರ ಮುಖ ನೋಡುತ್ತೇನೆ.

ಬೆಟ್ಟದ ಸೊಪ್ಪು (ಸಿದ್ದಾಪುರ ಸೀಮೆ)

ತಂಗೀ, ನಾನು ಅಡಿಕೆ ಬೆಳೆಗಾರ. ನೀನು ಅಂಕಿ ಎಂದು ಬರೆದದ್ದು ನನ್ನ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಹೇಳಬೇಕು ಅನಿಸಿತು.

ಮಳೆಗಾಲ ಕಾಲಿಡುವ ಮೊದಲೇ ಕೊಳೆರೋಗದ ಭಯ ಶುರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡಿ ಕೊನೆಗಳಿಗೆ, ಅಂದರೆ ಅಡಿಕೆಯ ಗೊಂಚಲುಗಳಿಗೆ, ಹೊಡೆಸಬೇಕು. ಒಂದೂವರೆ ತಿಂಗಳಾಗುವ ಹೊತ್ತಿಗೆ ಮತ್ತೊಮ್ಮೆ. ನಡುವೆ ಮಳೆ ಬಿಡುವು ಕೊಡದಿದ್ದರೆ ಔಷಧಿ ಹೊಡೆಯಲು ಆಗುವುದೇ ಇಲ್ಲ, ಎಳೆಕಾಯಿ ಉದುರುವುದನ್ನು ನೋಡುತ್ತ ಕೂರಬೇಕು. ನನ್ನ ಅಪ್ಪನ ಕಾಲದಲ್ಲಿ ಮಳೆ ತಾಗದಂತೆ ಕೊನೆಗಳಿಗೆ ಕರಡದ ಹುಲ್ಲಿನ ಕೊಟ್ಟೆ ಕಟ್ಟಿಸುತ್ತಿದ್ದರು. ಆಮೇಲೆ ಕೊನೆಕೊಯ್ಲು. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಒಂದು ಮರದ ತುದಿಯಿಂದ ಇನ್ನೊಂದು ಮರದ ತುದಿಗೆ ನೆಲ ಮುಟ್ಟದೆ ದಾಟುತ್ತಾನೆ, ಕೊನೆ ಮಿಣಿಯ (ಹಗ್ಗದ) ಮೇಲೆ ಜಾರಿ ಇಳಿಯುತ್ತದೆ. ಈಗ ಫೈಬರ್ ದೋಟಿ ಬಂದು ನೆಲದಲ್ಲೇ ನಿಂತು ಕೊಯ್ಯುವವರೂ ಹೆಚ್ಚುತ್ತಿದ್ದಾರೆ. ಅದರಿಂದ ಜೀವಭಯ ಕಡಿಮೆಯಾಯಿತು, ಒಳ್ಳೆಯದೇ ಆಯಿತು. ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಆರಿಸುವುದು ಮುಗಿದು ಚೀಲ ಅಂಗಳಕ್ಕೆ ಬರುವಾಗ ವರ್ಷ ಕಳೆದಿರುತ್ತದೆ.

ಆ ವರ್ಷದ ಕೊನೆಗೆ ನನ್ನ ಕೈಗೆ ಬರುವುದು ನಿನ್ನಂಥವರು ಬರೆದ, ಅಡಿಕೆ ಮಾರಿದ ಲೆಕ್ಕದ ಒಂದು ಪಟ್ಟಿ. ಅದನ್ನು ಮನೆಯವರೆಲ್ಲ ಒಂದೆಡೆ ಕೂತು ನೋಡುತ್ತೇವೆ. ಕೊನೆಗೌಡನ ಬಾಕಿ, ಮಗಳ ಹಾಸ್ಟೆಲ್ ಶುಲ್ಕ, ಅಂಗಡಿಯ ಸಾಲ, ಸಂಘದ ಕಂತು, ಎಲ್ಲವೂ ಆ ಕಾಗದದ ಮೇಲೆ ನಿಂತಿರುತ್ತದೆ. ಒಂದು ವರ್ಷ ನಮ್ಮ ಬೆಟ್ಟೆಯ ತೂಕ ಬೇರೆಯವರ ಖಾತೆಗೆ ಹೋಗಿತ್ತು. ಗುಮಾಸ್ತರೊಬ್ಬರು ತಾವಾಗಿಯೇ ಅದನ್ನು ಕಂಡುಹಿಡಿದು ಫೋನ್ ಮಾಡಿ ಕರೆಸಿ ಸರಿಪಡಿಸಿದರು. ನನಗೆ ಸಂಶಯವೂ ಬಂದಿರಲಿಲ್ಲ. ಆ ರಾತ್ರಿ ನನ್ನ ಹೆಂಡತಿ ಆ ಮನುಷ್ಯನಿಗೆ ದೇವರು ಒಳ್ಳೆಯದು ಮಾಡಲಿ ಎಂದು ದೀಪ ಹಚ್ಚಿದಳು. ಅದು ಆ ಗುಮಾಸ್ತರಿಗೆ ಗೊತ್ತಾಗಿರಲಾರದು. ಗೊತ್ತಾಗಬೇಕಿತ್ತು ಎಂದು ಇವತ್ತು ನಿನ್ನ ಬರಹ ಓದಿದಾಗ ಅನಿಸಿತು.

ಕಾಳಿ ದಂಡೆ (ಕಾರವಾರ)

ನಾನು ಶುಶ್ರೂಷಕಿ. ಮೇಲಿನ ಇಬ್ಬರ ಮಾತು ಓದಿ ಕಣ್ಣು ತುಂಬಿತು. ಆದರೂ ಒಂದು ವಿಷಯದಲ್ಲಿ ಗಟ್ಟಿಯಾಗಿ ಮಾತಾಡಲೇಬೇಕು.

“ನಿಮ್ಮದು ಕೆಲಸವಲ್ಲ, ಸೇವೆ” ಎಂಬ ಮಾತನ್ನು ನಮ್ಮ ವೃತ್ತಿಯವರಷ್ಟು ಕೇಳಿದವರು ಯಾರೂ ಇರಲಿಕ್ಕಿಲ್ಲ. ಆಶಾ ಕಾರ್ಯಕರ್ತೆಯರನ್ನೇ ನೋಡಿ. ಜೋಯಿಡಾದಂಥ ತಾಲ್ಲೂಕಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಕಾಡಿನ ದಾರಿಯಲ್ಲಿ ನಡೆದು ಬಸುರಿ, ಬಾಣಂತಿಯರನ್ನು ವಿಚಾರಿಸುತ್ತಾರೆ. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಅವರ ಕೆಲಸದಲ್ಲಿ ಅರ್ಥವಿಲ್ಲವೇ? ನಮ್ಮೆಲ್ಲರ ಕೆಲಸಕ್ಕಿಂತ ಹೆಚ್ಚು ಇದೆ. ಆ ಅರ್ಥದಿಂದ ಮನೆಯ ಅಕ್ಕಿ ಡಬ್ಬ ತುಂಬುವುದಿಲ್ಲ. ಹೀಗಾಗಿ ಕೆಲಸದ ಸಾರ್ಥಕತೆಯ ಬಗ್ಗೆ ಯಾರಾದರೂ ಭಾಷಣ ಮಾಡುವಾಗ ನಾನು ಮೊದಲು ಕೇಳುವುದು: ಸಂಬಳ ಎಷ್ಟು, ವಾರದ ರಜೆ ಇದೆಯೇ, ಪಾಳಿ ಮುಗಿದ ಮೇಲೆ ಮನೆಗೆ ಬಿಡುತ್ತಾರೆಯೇ?

ಇದನ್ನು ಹೇಳಿದ ಮೇಲೆ ಇನ್ನೊಂದನ್ನೂ ಹೇಳುತ್ತೇನೆ. ಅಮೆರಿಕದ ಏಮಿ ರೆಜ್ನೆಸ್ಕಿ ಮತ್ತು ಜೇನ್ ಡಟ್ಟನ್ ಎಂಬ ಸಂಶೋಧಕಿಯರು ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಯನ್ನು ಮಾತಾಡಿಸಿ, 2001ರಲ್ಲಿ ಅದರ ಬಗ್ಗೆ ಬರೆದರು. ಒಂದೇ ಹುದ್ದೆ, ಒಂದೇ ಕೆಲಸ. ಕೆಲವರು ತಮ್ಮದು ನೆಲ ಒರೆಸುವ ಕೆಲಸ, ಅಷ್ಟೇ ಎಂದರು. ಇನ್ನು ಕೆಲವರು ರೋಗಿಯನ್ನು, ಭೇಟಿಗೆ ಬಂದವರನ್ನು ಮಾತಾಡಿಸುತ್ತ, ದಾದಿಯರಿಗೆ ನೆರವಾಗುತ್ತ, ತಾವೂ ರೋಗಿಯ ಚೇತರಿಕೆಯಲ್ಲಿ ಪಾಲುಗೊಂಡವರು ಎಂದೇ ತಿಳಿದಿದ್ದರು. ಈ ಎರಡನೆಯವರಿಗೆ ಕೆಲಸ ಹೆಚ್ಚು ಹಿತವಾಗಿತ್ತು. ನಮ್ಮ ವಾರ್ಡಿನಲ್ಲೂ ಅಂಥ ಒಬ್ಬ ಅಮ್ಮ ಇದ್ದಾರೆ. ಒಂಟಿ ರೋಗಿಯ ಮಂಚದ ಹತ್ತಿರ ಬಂದಾಗ ಅವರ ಪೊರಕೆ ನಿಧಾನವಾಗುತ್ತದೆ. ಕೊಂಕಣಿಯಲ್ಲೋ ಕನ್ನಡದಲ್ಲೋ ಎರಡು ಮಾತಾಡಿಸಿಯೇ ಮುಂದೆ ಹೋಗುತ್ತಾರೆ. ರಾತ್ರಿ ಯಾರು ನಿದ್ದೆ ಮಾಡಲಿಲ್ಲ ಎಂಬುದು ವೈದ್ಯರಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ಅವರು ಹೊರಗುತ್ತಿಗೆಯವರು ಎಂಬುದನ್ನೂ ಬರೆದೇ ಮುಗಿಸುತ್ತೇನೆ, ಯಾಕೆಂದರೆ ಅವರ ಒಳ್ಳೆಯತನವನ್ನು ಹೊಗಳಿ ಅವರ ಕೂಲಿಯನ್ನು ಮರೆಯುವುದು ನನಗೆ ಸಹಿಸುವುದಿಲ್ಲ.

ಅಂಕೋಲೆಯ ಗದ್ದೆ

ಕಾಳಿ ದಂಡೆಯವರ ಮಾತಿಗೆ ನನ್ನ ಪೂರ್ತಿ ಸಹಮತ. ಅದಕ್ಕೆ ಒಂದನ್ನು ಸೇರಿಸುತ್ತೇನೆ. ನಮ್ಮ ಅಜ್ಜ ಗೇಣಿಗೆ ಗದ್ದೆ ಮಾಡುತ್ತಿದ್ದವರು. ಈ ಸೀಮೆಯಲ್ಲಿ ಗೇಣಿದಾರರನ್ನು ಸಂಘಟಿಸಿದ ದಿನಕರ ದೇಸಾಯಿಯವರ ಹೆಸರು ಹೇಳಿದರೆ ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದರು. 1974ರಲ್ಲಿ ಉಳುವವನಿಗೇ ಭೂಮಿ ಕೊಡುವ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು, ಡಿಕ್ಲರೇಷನ್ ಅರ್ಜಿ ಕೊಟ್ಟು, ಓಡಾಡಿ, ಕೊನೆಗೆ ಗದ್ದೆ ಅವರ ಹೆಸರಿಗಾಯಿತು. ಮಣ್ಣು ಅದೇ, ನೇಗಿಲು ಅದೇ, ಬೆವರೂ ಅದೇ. ಆದರೆ ಅಜ್ಜ ಆ ವರ್ಷ ಅಂಚಿನ ಮೇಲೆ ತೆಂಗಿನ ಸಸಿ ನೆಟ್ಟರು. ಬೇರೆಯವರ ಗದ್ದೆಯ ಅಂಚಿನಲ್ಲಿ ಯಾರಾದರೂ ತೆಂಗು ನೆಡುತ್ತಾರೆಯೇ?

ಕಚೇರಿ ಕೆಲಸದಲ್ಲಿ ಒಡೆತನ ಸಿಗುವುದಿಲ್ಲ, ಗೊತ್ತು. ಆದರೆ ಒಂದಿಷ್ಟು ತೀರ್ಮಾನ ನಮ್ಮದಾಗಿರಬೇಕು. ವಸ್ತಿ ಬಸ್ಸಿನವರ ಅರ್ಧ ನಿಮಿಷ ಅಂಥದ್ದು.

ಬೈತಖೋಲ (ಕಾರವಾರ)

ನಮ್ಮದು ಮೀನುಗಾರಿಕೆ. ರಂಪಣಿ ಎಳೆದು ಬೆಳೆದವನು ನಾನು, ಈಗ ಯಾಂತ್ರಿಕ ದೋಣಿಯಲ್ಲಿ ದುಡಿಯುತ್ತೇನೆ. ಎರಡನ್ನೂ ಕಂಡಿರುವುದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ರಂಪಣಿ ಎಂದರೆ ದಡದಿಂದ ಎಳೆಯುವ ಬಲೆ. ಬಂಗಡೆಯ ಹಿಂಡು ದಡದ ಹತ್ತಿರ ಬಂದರೆ ನೀರಿನ ಬಣ್ಣವೇ ಬೇರೆಯಾಗುತ್ತದೆ. ಅದನ್ನು ಗುರುತಿಸುವ ಕಣ್ಣು ಎಲ್ಲರಿಗೂ ಇರುವುದಿಲ್ಲ. ದೋಣಿಯವರು ಬಲೆ ಬಿಡುತ್ತ ಹಿಂಡನ್ನು ಅರ್ಧಚಂದ್ರದಂತೆ ಸುತ್ತಿ ಮತ್ತೆ ದಡಕ್ಕೆ ಬರುತ್ತಾರೆ. ಆಮೇಲೆ ಎರಡೂ ತುದಿಯ ಹಗ್ಗವನ್ನು ಊರಿನವರು ಎಳೆಯಬೇಕು. ಹತ್ತಾರು ಜನ ಸಾಲದು, ಕೇರಿಗೆ ಕೇರಿಯೇ ಬರಬೇಕು. ಬಲೆಯ ತುಂಡುಗಳು ಬೇರೆ ಬೇರೆ ಮನೆಯವರದ್ದು. ಬಲೆಗೆ ಒಂದು ಪಾಲು, ದೋಣಿಗೆ ಒಂದು ಪಾಲು, ಹಗ್ಗ ಹಿಡಿದವರಿಗೆ ಪಾಲು. ಮೀನು ಬಂದ ದಿನ ಎಲ್ಲರ ಮನೆಯಲ್ಲೂ ಸಾರು, ಬಾರದ ದಿನ ಯಾರ ಮನೆಯಲ್ಲೂ ಇಲ್ಲ.

1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದವು. ಹಿಂಡು ದಡಕ್ಕೆ ಬರುವವರೆಗೆ ಕಾಯುವ ಅಗತ್ಯವೇ ಉಳಿಯಲಿಲ್ಲ, ಆಳದಲ್ಲೇ ಸುತ್ತಿ ಎತ್ತಿದರಾಯಿತು. ರಂಪಣಿ ಸೊರಗಿತು. ಈಗಲೂ ಮಳೆಗಾಲ ಮುಗಿದ ಮೇಲೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ದಡದ ಬಲೆ ಎಳೆಯುವುದನ್ನು ನೋಡಬಹುದು, ಮೊದಲಿನ ಅಬ್ಬರವಿಲ್ಲ ಅಷ್ಟೇ. ದೋಣಿಯಲ್ಲಿ ನನಗೆ ಆಗಿನದಕ್ಕಿಂತ ಹೆಚ್ಚು ಹಣ ಸಿಗುತ್ತದೆ. ಮಗ ಓದಿದ್ದು ಆ ಹಣದಿಂದಲೇ. ಅದನ್ನು ತಿರಸ್ಕರಿಸಿ ಮಾತಾಡುವುದಿಲ್ಲ. ಆದರೆ ಹಗ್ಗ ಎಳೆಯುವಾಗ ಹಿಂದೆ ಮುಂದೆ ಇದ್ದವರ ಉಸಿರು ಕೇಳುತ್ತಿತ್ತು. ನಾನು ಸಡಿಲ ಬಿಟ್ಟರೆ ಪಕ್ಕದವನಿಗೆ ಭಾರ ಬೀಳುತ್ತದೆ ಎಂದು ತೋಳಿಗೇ ಗೊತ್ತಾಗುತ್ತಿತ್ತು. ದುಡಿಮೆಯ ಖುಷಿ ಎಂದರೆ ನನಗೆ ಇವತ್ತಿಗೂ ಅದೇ ನೆನಪಾಗುತ್ತದೆ.

ಅದು ಪೂರ್ತಿ ಹೋಗಿಲ್ಲ ಎಂಬುದಕ್ಕೆ ಒಂದು ರಾತ್ರಿಯ ಮಾತು. 2024ರ ಆಗಸ್ಟ್ 7ರಂದು ನಸುಕಿಗೂ ಮೊದಲು ಕಾಳಿ ನದಿಯ ಹಳೆಯ ಸೇತುವೆ ಕುಸಿದು ತಮಿಳುನಾಡಿನ ಲಾರಿಯೊಂದು ನೀರಿಗೆ ಬಿತ್ತು. ಕತ್ತಲು, ತುಂಬಿದ ಹೊಳೆ. ಚಾಲಕನನ್ನು ಜೀವಂತ ದಡಕ್ಕೆ ತಂದವರಲ್ಲಿ ಇಲ್ಲಿನ ಮೀನುಗಾರರೂ ಇದ್ದರು. ಯಾರೂ ಅವರಿಗೆ ಪಾಲು ಎಷ್ಟು ಎಂದು ಹೇಳಿರಲಿಲ್ಲ. ಹೊಳೆಯಲ್ಲಿ ದೋಣಿ ನಡೆಸುವ ಆ ಕೈಚಳಕ ದಿನದಿನದ ದುಡಿಮೆಯಿಂದಲೇ ಬಂದದ್ದು.

ಮಲ್ಲಾಪುರ

ಕೈಗಾ ಅಣುವಿದ್ಯುತ್ ಸ್ಥಾವರದ ನಿರ್ವಹಣಾ ವಿಭಾಗದಲ್ಲಿದ್ದು ನಿವೃತ್ತನಾದವನು. ನಮ್ಮ ಕೆಲಸದಲ್ಲಿ ಫಲ ಕಣ್ಣಿಗೆ ಕಾಣುವುದಿಲ್ಲ. ಕವಾಟ, ಪಂಪುಗಳನ್ನು ವರ್ಷಗಟ್ಟಲೆ ನೋಡಿಕೊಂಡರೆ ಆಗುವುದೇನೆಂದರೆ, ಏನೂ ಆಗುವುದಿಲ್ಲ. ಸ್ಥಾವರ ತನ್ನ ಪಾಡಿಗೆ ನಡೆಯುತ್ತದೆ. 220 ಮೆಗಾವಾಟ್‌ನ ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ ಒಮ್ಮೆಯೂ ನಿಲ್ಲದೆ 962 ದಿನ ನಡೆದು ವಿಶ್ವದಾಖಲೆ ಮಾಡಿದಾಗಲೇ ಹೊರಗಿನವರಿಗೆ ನಮ್ಮಂಥವರು ಇದ್ದೇವೆ ಎಂದು ತಿಳಿದದ್ದು.

ನನಗೆ ನೆಮ್ಮದಿ ಕೊಟ್ಟದ್ದು ಪಾಳಿ ಬದಲಾಗುವಾಗಿನ ಹೊತ್ತು. ನಾನು ನೋಡಿದ್ದು, ಕೇಳಿದ್ದು, ಸಂಶಯಪಟ್ಟದ್ದು ಎಲ್ಲವನ್ನೂ ದಾಖಲೆ ಪುಸ್ತಕದಲ್ಲಿ ಬರೆದು, ಮುಂದಿನವರಿಗೆ ಬಾಯಲ್ಲೂ ಹೇಳಿ, ಅವರು ತಲೆಯಾಡಿಸಿದ ಮೇಲೆ ಹೊರಡುತ್ತಿದ್ದೆ. ನನ್ನ ಬರಹವನ್ನು ನಂಬಿ ಇನ್ನೊಬ್ಬರು ಆ ರಾತ್ರಿ ಕೆಲಸ ಮಾಡುತ್ತಾರೆ. ಲೆಕ್ಕಪತ್ರದವರಿಗೂ ಇದು ಹೊಂದುತ್ತದೆ ಎಂದುಕೊಂಡಿದ್ದೇನೆ. ನೀವು ಸರಿಯಾಗಿ ಬರೆದದ್ದನ್ನು ಯಾರೋ ಪರೀಕ್ಷಿಸದೆ ನಂಬುತ್ತಾರಲ್ಲ.

ಗೋಕರ್ಣದ ಮೇಡಂ

ಮಗಳೇ, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು. ನಿನಗೆ ಎಲ್ಲರೂ ಹೇಳಿದ್ದರಲ್ಲಿ ಒಂದೇ ಎಳೆ ನನಗೆ ಕಾಣುತ್ತಿದೆ, ಅದರ ಬಗ್ಗೆ ಒಂದು ಪ್ರಯೋಗವೇ ನಡೆದಿದೆ. ಆಡಂ ಗ್ರಾಂಟ್ ಮತ್ತು ಅವರ ಸಂಗಡಿಗರು 2007ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಫೋನ್ ಮೂಲಕ ದೇಣಿಗೆ ಕೇಳುವ ಸಿಬ್ಬಂದಿ ಇದ್ದರು. ಇಡೀ ದಿನ “ಬೇಡ” ಎನ್ನಿಸಿಕೊಳ್ಳುವ ಕೆಲಸ. ಅವರಲ್ಲಿ ಕೆಲವರಿಗೆ ಆ ಹಣದಿಂದ ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯನ್ನು ಸ್ವಲ್ಪ ಹೊತ್ತು ಭೇಟಿ ಮಾಡಿಸಿದರು. ತಿಂಗಳ ಬಳಿಕ ನೋಡಿದರೆ ಅವರು ಫೋನಿನಲ್ಲಿ ಕಳೆಯುವ ಸಮಯವೂ, ತಂದ ಹಣವೂ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ವಿದ್ಯಾರ್ಥಿಯ ಪತ್ರವನ್ನು ಮಾತ್ರ ಓದಿದವರಲ್ಲಿ ಆ ಬದಲಾವಣೆ ಆಗಲಿಲ್ಲ. ಸಂಬಳ ಅದೇ, ಕುರ್ಚಿ ಅದೇ. ತಮ್ಮ ಕೆಲಸ ಯಾರಿಗೆ ಮುಟ್ಟುತ್ತದೆ ಎಂದು ಮುಖಾಮುಖಿ ಕಂಡರು, ಅಷ್ಟೇ.

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಹೆಂಗಸು ಅಡುಗೆಯಾದ ಮೇಲೆ ಒಳಗೆ ಕೂರುತ್ತಿರಲಿಲ್ಲ. ಬಡಿಸುವಲ್ಲಿಗೆ ಬಂದು ನಿಲ್ಲುತ್ತಿದ್ದಳು. ಯಾವ ಮಗು ಎರಡನೆಯ ಸಲ ಸಾಂಬಾರು ಕೇಳಿತು ಎಂದು ನೋಡುವುದಕ್ಕೆ.

ಇಷ್ಟವಾದ ಕೆಲಸವನ್ನೇ ಹುಡುಕು ಎಂದು ಮಕ್ಕಳಿಗೆ ಈಗ ಬಹಳ ಹೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಕೆಲಸ ಹಿಡಿತಕ್ಕೆ ಬಂದ ಮೇಲೆ, ಅದು ಒಬ್ಬರಿಗೆ ಉಪಯೋಗವಾದದ್ದನ್ನು ಕಂಡ ಮೇಲೆ ಇಷ್ಟ ಹುಟ್ಟುವುದನ್ನೇ ನಾನು ಹೆಚ್ಚು ನೋಡಿದ್ದೇನೆ.

ಸೋದೆ ದಾರಿ (ಶಿರಸಿ)

ಎಲ್ಲರ ಬರಹವನ್ನೂ ಎರಡೆರಡು ಸಲ ಓದಿದೆ. ಬೆಟ್ಟದ ಸೊಪ್ಪಿನವರು ಬರೆದ ದೀಪದ ಮಾತನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ, ಅಪ್ಪ ಸುಮ್ಮನೆ ಕೇಳಿದರು.

ನಮ್ಮಲ್ಲಿ ಬೆಳೆಗಾರರು ಪಟ್ಟಿ ಪಡೆಯುವ ಕಿಟಕಿ ಕೆಳಗಿನ ಮಹಡಿಯಲ್ಲಿದೆ, ನಾನು ಕೂರುವುದು ಮೇಲೆ. ವ್ಯಾಪಾರದ ದಿನಗಳಲ್ಲಿ ಒಂದು ತಾಸು ಆ ಕಿಟಕಿಯಲ್ಲಿ ಕೂರಲು ಅವಕಾಶ ಕೊಡಿ ಎಂದು ವ್ಯವಸ್ಥಾಪಕರನ್ನು ಕೇಳಬೇಕೆಂದಿದ್ದೇನೆ. ವಯಸ್ಸಾದ ಬೆಳೆಗಾರರಿಗೆ ಪಟ್ಟಿಯ ಕಡಿತಗಳು ಅರ್ಥವಾಗುವುದಿಲ್ಲ, ಕೇಳಲು ಸಂಕೋಚಪಟ್ಟು ಮಡಚಿ ಕಿಸೆಗೆ ಹಾಕಿಕೊಂಡು ಹೋಗುತ್ತಾರೆ. ಅದನ್ನು ಅವರಿಗೆ ಓದಿ ಬಿಡಿಸಿ ಹೇಳುವುದು ನನ್ನಿಂದ ಸಾಧ್ಯ. ಇದು ಸರಿ ಅನಿಸುತ್ತದೆಯೇ?

ಕಾಳಿ ದಂಡೆ (ಕಾರವಾರ)

ತುಂಬ ಸರಿ. ಆದರೆ ಕೇಳುವಾಗಲೇ ಸ್ಪಷ್ಟಪಡಿಸಿಕೊಳ್ಳಿ: ಆ ಒಂದು ತಾಸು ನಿಮ್ಮ ಎಂಟು ತಾಸಿನ ಒಳಗೇ ಬರಬೇಕು, ಮೇಲಿನ ಕೆಲಸದಲ್ಲಿ ಅಷ್ಟು ಭಾಗ ಬೇರೆಯವರಿಗೆ ಹಂಚಿಕೆಯಾಗಬೇಕು. ಇಲ್ಲವಾದರೆ ಮೂರು ತಿಂಗಳಲ್ಲಿ ಸಂಜೆ ಏಳರವರೆಗೆ ಕೂರುವುದು ರೂಢಿಯಾಗುತ್ತದೆ, ಆಮೇಲೆ ಆ ಕಿಟಕಿಯ ಮೇಲೂ ಬೇಸರ ಬರುತ್ತದೆ. ಬಾಯಿಮಾತು ಬೇಡ, ಬರೆದು ಕೊಡಿ.

ಯಲ್ಲಾಪುರದವ

ಅಕ್ಕಾ, ನೀವು ಬರೆದದ್ದು ಓದಿ ನಾನೂ ನಮ್ಮ ತಂಡದ ಮುಖ್ಯಸ್ಥರಿಗೆ ಕೇಳಿದ್ದೇನೆ: ನಾನು ಮಾಡುವ ಭಾಗವನ್ನು ಬಳಸುವ ಒಬ್ಬರೊಂದಿಗಾದರೂ ಮಾತಾಡಿಸಿ ಎಂದು. ಉತ್ತರ ಇನ್ನೂ ಬಂದಿಲ್ಲ. ಇನ್ನೊಂದು ಮಾತು, ಪಟ್ಟಿಯನ್ನು ದೊಡ್ಡ ಕನ್ನಡ ಅಕ್ಷರದಲ್ಲಿ, ಪ್ರತಿ ಕಡಿತದ ಎದುರು ಕಾರಣ ಬರುವಂತೆ ಮುದ್ರಿಸಲು ನಿಮ್ಮ ಸಂಘ ಒಪ್ಪುವುದಾದರೆ ಅದರ ನಮೂನೆ ನಾನು ಮಾಡಿಕೊಡುತ್ತೇನೆ. ಹಣ ಬೇಡ. ಬೆಟ್ಟದ ಸೊಪ್ಪಿನ ಮಾವ, ಯಾವ ಸಾಲು ಮೇಲೆ ಬರಬೇಕು ಎಂದು ನೀವು ಹೇಳಬೇಕು.

ಬೆಟ್ಟದ ಸೊಪ್ಪು (ಸಿದ್ದಾಪುರ ಸೀಮೆ)

ತಮ್ಮಾ, ಮೊದಲು ಜಾತಿವಾರು ತೂಕ, ಅದರ ಕೆಳಗೆ ದರ. ಸಾಲದ ಕಂತನ್ನು ಪ್ರತ್ಯೇಕ ಸಾಲಿನಲ್ಲಿ ಹಾಕು, ಕಮಿಷನ್ ಜೊತೆ ಸೇರಿಸಬೇಡ. ಅಲ್ಲಿಯೇ ಎಲ್ಲರಿಗೂ ಗೊಂದಲವಾಗುವುದು. ನನ್ನ ಹಳೆಯ ಪಟ್ಟಿಗಳು ಪೆಟ್ಟಿಗೆಯಲ್ಲಿವೆ, ನಾಳೆ ಫೋಟೋ ತೆಗೆಸಿ ಕಳಿಸುತ್ತೇನೆ.